ಬ್ಯಾಟರಿಯೊಂದೇ ಸಾಕೇ, ಜೊತೆಗೊಂದು ಜನರೇಟರ್ ಬೇಕೇ?

ಚೀನಾದ ಲೀಪ್‌ಮೋಟರ್ ಕಂಪನಿಯ ಸಿ10 ಎಂಬ ಕಾರು ಯುರೋಪಿನಲ್ಲಿ 2025ರಿಂದ ಎರಡು ರೂಪಗಳಲ್ಲಿ ಸಿಗುತ್ತಿದೆ. ಹೊರಮೈ, ಸೀಟು, ಡ್ಯಾಶ್‌ಬೋರ್ಡ್ ಎಲ್ಲವೂ ಹೆಚ್ಚುಕಡಿಮೆ ಒಂದೇ. ಒಂದರ ಹೊಟ್ಟೆಯಲ್ಲಿ 69.9 ಕಿಲೋವ್ಯಾಟ್ ಅವರ್, ಅಂದರೆ ನಮ್ಮ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಸುಮಾರು 70 ಯೂನಿಟ್ ಹಿಡಿಸುವ ಬ್ಯಾಟರಿ ಇದೆ. ಇನ್ನೊಂದರಲ್ಲಿ 28.4 ಯೂನಿಟ್‌ನ ಬ್ಯಾಟರಿ, ಒಂದೂವರೆ ಲೀಟರಿನ ಪೆಟ್ರೋಲ್ ಎಂಜಿನ್ ಮತ್ತು 50 ಲೀಟರಿನ ಟ್ಯಾಂಕ್ ಇವೆ. ಯುರೋಪಿನ ಪ್ರಮಾಣಿತ ಪರೀಕ್ಷೆಯ ಪ್ರಕಾರ ಮೊದಲನೆಯದು ಒಮ್ಮೆ ಚಾರ್ಜ್ ಮಾಡಿದರೆ 420 ಕಿ.ಮೀ. ಓಡುತ್ತದೆ, ಎರಡನೆಯದು ಬ್ಯಾಟರಿಯಲ್ಲಿ 145 ಕಿ.ಮೀ., ಪೆಟ್ರೋಲನ್ನೂ ಸೇರಿಸಿದರೆ ಸುಮಾರು 970 ಕಿ.ಮೀ. ಎರಡೂ ಎರಡು ಟನ್ ತೂಕಕ್ಕೆ ಸಮೀಪದವು, ಬ್ರಿಟನ್ನಿನಲ್ಲಿ ಎರಡರ ಬೆಲೆಯೂ ಹೆಚ್ಚುಕಡಿಮೆ ಸಮ. ಸಂಪೂರ್ಣ ವಿದ್ಯುತ್ ಕಾರು ಮತ್ತು ರೇಂಜ್ ಎಕ್ಸ್‌ಟೆಂಡರ್ (ಓಡುವ ದೂರ ಹೆಚ್ಚಿಸುವ ಜನರೇಟರ್) ಇರುವ ಕಾರು ಇವೆರಡರ ನಡುವಿನ ಆಯ್ಕೆಯನ್ನು ಇಷ್ಟು ಶುದ್ಧವಾಗಿ ಮುಂದಿಡುವ ಉದಾಹರಣೆ ಇನ್ನೊಂದು ಸಿಗಲಾರದು. ಬೆಲೆಯೂ ವಿನ್ಯಾಸವೂ ಒಂದೇ ಆದ ಮೇಲೆ ಉಳಿಯುವುದು ಕೊಳ್ಳುವವನ ಬಳಕೆಯ ರೀತಿ ಮಾತ್ರ.

ಮೇಲ್ನೋಟಕ್ಕೆ 970 ಎಂಬ ಅಂಕಿ 420ನ್ನು ಸೋಲಿಸಿಬಿಟ್ಟಂತೆ ಕಾಣುತ್ತದೆ. ಹಾಗಲ್ಲ ಎಂಬುದನ್ನು ತಿಳಿಯಲು ರೇಂಜ್ ಎಕ್ಸ್‌ಟೆಂಡರ್ ಕಾರಿನೊಳಗೆ ಏನು ನಡೆಯುತ್ತದೆ ಎಂಬುದನ್ನು ಮೊದಲು ನೋಡಬೇಕು. ಇದರಲ್ಲಿ ಚಕ್ರಗಳನ್ನು ತಿರುಗಿಸುವುದು ಯಾವಾಗಲೂ ವಿದ್ಯುತ್ ಮೋಟಾರೇ. ಪೆಟ್ರೋಲ್ ಎಂಜಿನ್ನಿಗೂ ಚಕ್ರಕ್ಕೂ ನೇರ ಸಂಬಂಧವಿಲ್ಲ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕರೆಂಟ್ ಹೋದಾಗ ಮಾತ್ರ ಗುಡುಗುವ ಜನರೇಟರಿನಂತೆ ಆ ಎಂಜಿನ್ ವಿದ್ಯುತ್ ಉತ್ಪಾದಿಸಿ ಬ್ಯಾಟರಿಗೋ ಮೋಟಾರಿಗೋ ಕೊಡುತ್ತದೆ, ಅಷ್ಟೇ. ಮನೆಯಲ್ಲಿ ಪ್ಲಗ್ ಹಾಕಿ ಚಾರ್ಜ್ ಮಾಡಿಕೊಳ್ಳುವ ಸೌಲಭ್ಯವೂ ಇರುತ್ತದೆ. ನಮ್ಮಲ್ಲಿ 2022ರಿಂದ ಸಿಗುವ ಹೋಂಡಾ ಸಿಟಿ ಹೈಬ್ರಿಡ್‌ನಂತಹ ಕಾರುಗಳನ್ನು ಇದರೊಂದಿಗೆ ಬೆರೆಸಬಾರದು. ಅದರಲ್ಲೂ ಊರೊಳಗೆ ಮೋಟಾರೇ ಕಾರನ್ನು ಓಡಿಸುತ್ತದೆ, ನಿಜ. ಆದರೆ ಅದರ ಬ್ಯಾಟರಿ ತೀರಾ ಚಿಕ್ಕದು, ಪ್ಲಗ್ ಇಲ್ಲ, ಮತ್ತು ಹೆದ್ದಾರಿಯ ವೇಗದಲ್ಲಿ ಒಂದು ಕ್ಲಚ್ ಎಂಜಿನ್ನನ್ನು ನೇರವಾಗಿ ಚಕ್ರಕ್ಕೆ ಜೋಡಿಸುತ್ತದೆ. ಈ ಕೊನೆಯ ಅಂಶಕ್ಕೆ ಮತ್ತೆ ಬರಬೇಕಾಗುತ್ತದೆ.

ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್‌ನಷ್ಟು ಶಕ್ತಿ ಅಡಗಿದೆ. ಒಳ್ಳೆಯ ಎಂಜಿನ್ ಕೂಡ ಅದರಲ್ಲಿ ಶೇ 35ರಿಂದ 40ರಷ್ಟನ್ನು ಮಾತ್ರ ಕೆಲಸಕ್ಕೆ ತರುತ್ತದೆ, ಉಳಿದದ್ದು ಬಿಸಿಯಾಗಿ ರೇಡಿಯೇಟರ್ ಮತ್ತು ಸೈಲೆನ್ಸರ್ ಮೂಲಕ ಹೊರಹೋಗುತ್ತದೆ. ಜನರೇಟರಿನಲ್ಲೂ ಇನ್ವರ್ಟರಿನಲ್ಲೂ ಮತ್ತೆ ಸ್ವಲ್ಪ ಸೋರಿ, ಕೊನೆಗೆ ಲೀಟರಿಗೆ ಮೂರು ಯೂನಿಟ್ ಚಿಲ್ಲರೆ ವಿದ್ಯುತ್ ಕೈಗೆ ಸಿಗುತ್ತದೆ. ಎರಡು ಟನ್ನಿನ ಕಾರು ನೂರು ಕಿಲೋಮೀಟರಿಗೆ 18ರಿಂದ 20 ಯೂನಿಟ್ ತಿನ್ನುವುದರಿಂದ, ಬ್ಯಾಟರಿ ಬರಿದಾದ ಮೇಲೆ ಅದೇ ದೂರಕ್ಕೆ ಆರು ಲೀಟರ್ ಪೆಟ್ರೋಲ್ ಬೇಕು. ಸಿ10ರ ಅಂಕಿಗಳೂ ಇದನ್ನೇ ಹೇಳುತ್ತವೆ. 970ರಲ್ಲಿ 145 ಕಳೆದರೆ ಉಳಿಯುವ 825 ಕಿಲೋಮೀಟರಿಗೆ 50 ಲೀಟರ್ ಎಂದರೆ ಲೀಟರಿಗೆ ಹದಿನಾರೂವರೆ ಕಿಲೋಮೀಟರ್ ಆಯಿತು. ಕೆಟ್ಟ ಮೈಲೇಜ್ ಏನಲ್ಲ, ಆದರೆ ಅದ್ಭುತವೂ ಅಲ್ಲ.

ಈಗ ಅದೇ ಕಾರಿನ ಪ್ರಮಾಣಪತ್ರ ನೋಡಿ. ಅದರಲ್ಲಿ ನೂರು ಕಿಲೋಮೀಟರಿಗೆ 0.4 ಲೀಟರ್ ಪೆಟ್ರೋಲ್ ಎಂದಿದೆ, ಅಂದರೆ ಲೀಟರಿಗೆ 250 ಕಿಲೋಮೀಟರ್. ಇದು ಸುಳ್ಳೂ ಅಲ್ಲ, ನಿಜವೂ ಅಲ್ಲ. ಪ್ಲಗ್ ಇರುವ ಹೈಬ್ರಿಡ್ ಕಾರುಗಳನ್ನು ಪರೀಕ್ಷಿಸುವಾಗ, ಮಾಲೀಕ ತನ್ನ ಒಟ್ಟು ಓಡಾಟದಲ್ಲಿ ಎಷ್ಟು ಪಾಲನ್ನು ಬ್ಯಾಟರಿಯಲ್ಲಿ ಮುಗಿಸುತ್ತಾನೆ ಎಂದು ಒಂದು ಸೂತ್ರ ಊಹಿಸುತ್ತದೆ. ಬ್ಯಾಟರಿ ದೊಡ್ಡದಾದಷ್ಟೂ ಆ ಊಹೆ ಉದಾರವಾಗುತ್ತದೆ, ಪೆಟ್ರೋಲಿನ ಲೆಕ್ಕ ಕುಗ್ಗುತ್ತದೆ. ಜನ ನಿಜಕ್ಕೂ ಪ್ಲಗ್ ಹಾಕುತ್ತಾರೆಯೇ ಎಂಬ ಪ್ರಶ್ನೆಯನ್ನು ಸೂತ್ರ ಕೇಳುವುದಿಲ್ಲ. ಯುರೋಪಿಯನ್ ಆಯೋಗವು ಕಾರುಗಳೊಳಗಿನ ಇಂಧನ ಮಾಪಕಗಳಿಂದಲೇ ದತ್ತಾಂಶ ಸಂಗ್ರಹಿಸಿ 2024ರ ಮಾರ್ಚಿನಲ್ಲಿ ಪ್ರಕಟಿಸಿದ ವರದಿಯಲ್ಲಿ, ಪ್ಲಗ್-ಇನ್ ಹೈಬ್ರಿಡ್‌ಗಳ ವಾಸ್ತವಿಕ ಹೊಗೆಯ ಪ್ರಮಾಣ ಪರೀಕ್ಷೆಯ ಅಂಕಿಗಿಂತ ಸರಾಸರಿ ಮೂರೂವರೆ ಪಟ್ಟು ಹೆಚ್ಚಿತ್ತು. ಆ ಸೂತ್ರವನ್ನು 2025ರಿಂದ ಹಂತಹಂತವಾಗಿ ಬಿಗಿಗೊಳಿಸಲಾಗುತ್ತಿದೆ. ವರದಿಯಲ್ಲಿದ್ದ ಬಹುಪಾಲು ಕಾರುಗಳ ಬ್ಯಾಟರಿ ಸಿ10ಕ್ಕಿಂತ ಬಹಳ ಚಿಕ್ಕದು ಎಂಬುದನ್ನೂ ಹೇಳಬೇಕು. 145 ಕಿಲೋಮೀಟರ್ ಓಡುವ ಬ್ಯಾಟರಿ ಇದ್ದವನು ದಿನದ ಓಡಾಟಕ್ಕೆ ಪೆಟ್ರೋಲ್ ಮುಟ್ಟದೆ ಇರಬಲ್ಲ. ಇರುತ್ತಾನೆಯೇ ಎಂಬುದು ಅವನ ಮನೆಯ ಪಾರ್ಕಿಂಗ್ ಜಾಗದಲ್ಲಿ ಪ್ಲಗ್ ಇದೆಯೇ ಎಂಬುದನ್ನು ಅವಲಂಬಿಸಿದೆ.

ನನ್ನ ದೃಷ್ಟಿಯಲ್ಲಿ ಈ ಇಡೀ ಆಯ್ಕೆಯ ತಿರುಳು ಇರುವುದು ಇಲ್ಲಿಯೇ. ಕಾರು ಕೊಳ್ಳುವವರು ವರ್ಷಕ್ಕೊಮ್ಮೆ ಹೋಗುವ ಅತಿ ದೂರದ ಪ್ರಯಾಣವನ್ನು ಮನಸ್ಸಿನಲ್ಲಿಟ್ಟುಕೊಂಡು ಲೆಕ್ಕ ಹಾಕುತ್ತಾರೆ. ಆದರೆ ಖರ್ಚನ್ನು ನಿರ್ಧರಿಸುವುದು ಉಳಿದ ರಾತ್ರಿಗಳಲ್ಲಿ ಕಾರು ಎಲ್ಲಿ ನಿಂತಿರುತ್ತದೆ ಎಂಬ ಸಂಗತಿ. ಪೆಟ್ರೋಲಿಗೆ 100 ರೂಪಾಯಿ, ಮನೆಯ ವಿದ್ಯುತ್ತಿಗೆ ಯೂನಿಟ್‌ಗೆ 7, ರಸ್ತೆ ಬದಿಯ ಫಾಸ್ಟ್ ಚಾರ್ಜರಿಗೆ 20 ಎಂದು ದುಂಡು ಅಂಕಿ ಹಿಡಿಯೋಣ. ಚಾರ್ಜಿಂಗ್ ವೇಳೆ ಪೋಲಾಗುವುದನ್ನೂ ಸೇರಿಸಿ ನೂರು ಕಿಲೋಮೀಟರಿಗೆ 18 ಯೂನಿಟ್ ಬೇಕೆಂದರೆ ಮನೆಯಲ್ಲಿ 126 ರೂಪಾಯಿ, ಹೊರಗೆ 360 ರೂಪಾಯಿ, ಪೆಟ್ರೋಲಿನಲ್ಲಿ 600 ರೂಪಾಯಿ ಬೀಳುತ್ತದೆ. ವರ್ಷಕ್ಕೆ 12,000 ಕಿಲೋಮೀಟರ್ ಓಡಿಸುವ ಕುಟುಂಬವೊಂದು ಬೆಂಗಳೂರಿನಿಂದ ಮಂಗಳೂರಿಗೆ ಐದು ಬಾರಿ ಹೋಗಿಬರುತ್ತದೆ ಎಂದುಕೊಳ್ಳಿ. ಒಂದು ದಾರಿ ಸುಮಾರು 350 ಕಿ.ಮೀ. ಆದ್ದರಿಂದ ಅದೇ 3,500 ಕಿ.ಮೀ. ಆಯಿತು. ಮಿಕ್ಕ 8,500 ಕಿಲೋಮೀಟರಿನಲ್ಲಿ ಎರಡು ಕಾರುಗಳಿಗೂ ವ್ಯತ್ಯಾಸವೇ ಇಲ್ಲ, ಎರಡೂ ಮನೆಯ ವಿದ್ಯುತ್ತಿನಲ್ಲಿ ಓಡುತ್ತವೆ. ದೂರದ ಓಡಾಟದಲ್ಲಿ ರೇಂಜ್ ಎಕ್ಸ್‌ಟೆಂಡರ್ ಕಾರು ಪ್ರತಿ ದಾರಿಯ ಮೊದಲ ನೂರು ಕಿಲೋಮೀಟರನ್ನು ಬ್ಯಾಟರಿಯಲ್ಲಿ ಮುಗಿಸಿ ಉಳಿದ 2,500 ಕಿಲೋಮೀಟರಿಗೆ ಪೆಟ್ರೋಲ್ ಕುಡಿದರೆ ಅದಕ್ಕೆ 15,000 ರೂಪಾಯಿ, ಬ್ಯಾಟರಿಯ ಪಾಲಿಗೆ ಇನ್ನೊಂದು ಸಾವಿರ ಚಿಲ್ಲರೆ. ವಿದ್ಯುತ್ ಕಾರು ಹೋಗುವಾಗ ಮನೆಯ ಚಾರ್ಜಿನಲ್ಲಿ, ಬರುವಾಗ ಹೊರಗಿನ ಚಾರ್ಜಿನಲ್ಲಿ ಬಂದರೂ ಅಷ್ಟೂ ದೂರಕ್ಕೆ ಸುಮಾರು 8,500 ರೂಪಾಯಿ ಸಾಕು. ವರ್ಷಕ್ಕೆ ಏಳೆಂಟು ಸಾವಿರದ ವ್ಯತ್ಯಾಸವನ್ನು ನೆಮ್ಮದಿಯ ಬೆಲೆ ಎಂದು ಕೊಡುವವರು ಕೊಡಲಿ, ಅದರಲ್ಲಿ ತಪ್ಪೇನಿಲ್ಲ.

ಮನೆಯಲ್ಲಿ ಪ್ಲಗ್ ಇಲ್ಲದವರ ಲೆಕ್ಕ ಬೇರೆ. ರೇಂಜ್ ಎಕ್ಸ್‌ಟೆಂಡರ್ ಕಾರನ್ನು ಕೊಂಡು ಚಾರ್ಜೇ ಮಾಡದೆ ಬಂಕಿಗೆ ಹೋಗುವವನು ಅದೇ 12,000 ಕಿಲೋಮೀಟರಿಗೆ 72,000 ರೂಪಾಯಿ ತೆರುತ್ತಾನೆ. ಅದೂ ಹೋಂಡಾ ಸಿಟಿಯಂಥ ಒಂದು ಸಾಮಾನ್ಯ ಸ್ಟ್ರಾಂಗ್ ಹೈಬ್ರಿಡ್ (ಪ್ಲಗ್ ಇಲ್ಲದ ಹೈಬ್ರಿಡ್) ಮಾಡಬಹುದಾದ ಕೆಲಸವನ್ನು ಅದಕ್ಕಿಂತ ಕಳಪೆಯಾಗಿ ಮಾಡಿಸಿಕೊಂಡು. ಮೇಲೆ ಹೇಳಿದ ಕ್ಲಚ್ಚಿನ ವಿಷಯ ಇಲ್ಲಿ ಮುಖ್ಯವಾಗುತ್ತದೆ: ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸಾಗುವಾಗ ಎಂಜಿನ್ನಿನ ಶಕ್ತಿಯನ್ನು ನೇರವಾಗಿ ಚಕ್ರಕ್ಕೆ ಕೊಡುವ ಕಾರಿನಲ್ಲಿ ಪೋಲು ಕಡಿಮೆ, ಅದನ್ನು ವಿದ್ಯುತ್ ಮಾಡಿ, ವಿದ್ಯುತ್ತನ್ನು ಮತ್ತೆ ತಿರುಗುಬಲ ಮಾಡುವ ಕಾರಿನಲ್ಲಿ ಎರಡು ಕಡೆ ಸೋರಿಕೆ. ಜೊತೆಗೆ ಇನ್ನೂರು ಕಿಲೋಗೆ ಸಮೀಪದ ಬ್ಯಾಟರಿಯನ್ನು ಸುಮ್ಮನೆ ಹೊತ್ತು ತಿರುಗಬೇಕು. ಚಾರ್ಜಿಂಗ್ ಗೊಡವೆಯೇ ಬೇಡ ಎನ್ನುವವರಿಗೆ ರೇಂಜ್ ಎಕ್ಸ್‌ಟೆಂಡರ್ ಹೇಳಿ ಮಾಡಿಸಿದ್ದು ಎಂಬ ಪ್ರಚಾರ ಎಲ್ಲೆಡೆ ಕೇಳಿಬರುತ್ತದೆ; ನಿಜ ಅದರ ತೀರಾ ವಿರುದ್ಧ.

ಎರಡನೆಯ ಪ್ರಶ್ನೆ ಜನರೇಟರಿನ ಶಕ್ತಿಯದು. ಇದನ್ನು ಯಾರೂ ಕೇಳುವುದಿಲ್ಲ, ಕೇಳಲೇಬೇಕಾದದ್ದು ಇದೇ. 2013ರಲ್ಲಿ ಬಂದ ಬಿಎಂಡಬ್ಲ್ಯು ಐ3 ಕಾರಿನ ರೇಂಜ್ ಎಕ್ಸ್‌ಟೆಂಡರ್ ಆವೃತ್ತಿಯಲ್ಲಿ ಇದ್ದದ್ದು ಅದೇ ಕಂಪನಿಯ ಸ್ಕೂಟರಿನಿಂದ ತಂದ 647 ಸಿಸಿಯ ಎರಡು ಸಿಲಿಂಡರಿನ ಎಂಜಿನ್. ಅದರ ಶಕ್ತಿ 25 ಕಿಲೋವ್ಯಾಟ್, ಟ್ಯಾಂಕು 9 ಲೀಟರಿನದು. ಯುರೋಪಿನ ಚಾಲಕರು ಬ್ಯಾಟರಿ ಮುಕ್ಕಾಲು ಭಾಗ ತುಂಬಿರುವಾಗಲೇ ಎಂಜಿನ್ ಶುರುಮಾಡಿ ಚಾರ್ಜನ್ನು ಉಳಿಸಿಕೊಳ್ಳಬಹುದಿತ್ತು. ಅಮೆರಿಕದಲ್ಲಿ ಅದಕ್ಕೆ ಅವಕಾಶವಿರಲಿಲ್ಲ. ಕ್ಯಾಲಿಫೋರ್ನಿಯಾದ ನಿಯಮದಂತೆ ವಿದ್ಯುತ್ ಕಾರಿನ ದರ್ಜೆ ಸಿಗಬೇಕಾದರೆ ಬ್ಯಾಟರಿ ಬಹುತೇಕ ಖಾಲಿಯಾಗುವವರೆಗೆ ಎಂಜಿನ್ ಓಡಕೂಡದಿತ್ತು, ಪೆಟ್ರೋಲಿನ ದೂರ ಬ್ಯಾಟರಿಯ ದೂರವನ್ನು ಮೀರಕೂಡದಿತ್ತು. ಹಾಗಾಗಿ ಆರೇಳು ಶೇಕಡಾ ಚಾರ್ಜ್ ಉಳಿದಾಗ ಎಂಜಿನ್ ಏಳುತ್ತಿತ್ತು. ಸಮತಟ್ಟಾದ ರಸ್ತೆಯಲ್ಲಿ ತೊಂದರೆಯಿಲ್ಲ. ಬೆಟ್ಟದ ಹೆದ್ದಾರಿಯಲ್ಲಿ ವೇಗವಾಗಿ ಏರುವಾಗ ಮೋಟಾರು ಕೇಳುವುದು 25 ಕಿಲೋವ್ಯಾಟಿಗಿಂತ ಬಹಳ ಹೆಚ್ಚು. ಆ ಕೊರತೆಯನ್ನು ತುಂಬಲು ಬ್ಯಾಟರಿಯಲ್ಲಿ ಏನೂ ಉಳಿದಿಲ್ಲ. ಕಾರು ಹೆದ್ದಾರಿಯ ನಡುವೆಯೇ ನಿಧಾನವಾಗುತ್ತಿತ್ತು. ಇದೇ ದೂರಿನ ಮೇಲೆ ಅಲ್ಲಿನ ಮಾಲೀಕರು 2016ರಲ್ಲಿ ನ್ಯಾಯಾಲಯಕ್ಕೂ ಹೋದರು.

ಹಾಗಾದರೆ ನಮ್ಮ ಶಿರಾಡಿ ಘಾಟಿಯಲ್ಲಿ ಏನಾಗಬಹುದು? ಲೆಕ್ಕ ಹಾಕಿ ನೋಡಬಹುದು. ಗುಂಡ್ಯದಿಂದ ಸಕಲೇಶಪುರದ ಮಟ್ಟಕ್ಕೆ ಏರುವ ಎತ್ತರ ಸುಮಾರು 800 ಮೀಟರ್. ಜನ, ಲಗೇಜು ಸೇರಿ 2,200 ಕಿಲೋ ತೂಗುವ ಕಾರನ್ನು ಅಷ್ಟು ಮೇಲೆತ್ತಲು ಐದು ಯೂನಿಟ್‌ಗೆ ಸ್ವಲ್ಪ ಕಡಿಮೆ ಶಕ್ತಿ ಸಾಕು. ಲಾರಿಗಳ ಹಿಂದೆ ತೆವಳುತ್ತ ಮುಕ್ಕಾಲು ಗಂಟೆಯಲ್ಲಿ ಏರಿದರೆ ಏರಿಕೆಗೆ ಆರೇಳು ಕಿಲೋವ್ಯಾಟ್, ರಸ್ತೆ ಮತ್ತು ಗಾಳಿಯ ತಡೆಗೆ ಇನ್ನೈದು, ಏಸಿ ಮತ್ತು ಪೋಲು ಸೇರಿ ಒಟ್ಟು ಹದಿನೈದರ ಆಸುಪಾಸು. ಐ3ರ ಪುಟ್ಟ ಎಂಜಿನ್ ಕೂಡ ನಿಭಾಯಿಸುವಷ್ಟು. ಜನರೇಟರನ್ನು ನಿಜವಾಗಿ ಪರೀಕ್ಷಿಸುವುದು ಘಾಟಿಯಲ್ಲ, ವೇಗ. ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ ಸಮತಟ್ಟು ರಸ್ತೆಗೇ ಮೂವತ್ತು ಕಿಲೋವ್ಯಾಟ್ ಬೇಕಾದರೆ, ಅದೇ ವೇಗದಲ್ಲಿ ನೂರಕ್ಕೆ ಐದರಷ್ಟು ಏರು ಸಿಕ್ಕರೆ ಅದರ ಎರಡರಷ್ಟಕ್ಕಿಂತಲೂ ಹೆಚ್ಚು ಬೇಕು. ಘಾಟಿ ಇಳಿಯುವಾಗ ಎರಡೂ ಬಗೆಯ ಕಾರುಗಳು ಹೆಚ್ಚಿನ ಶಕ್ತಿಯನ್ನು ಬ್ಯಾಟರಿಗೆ ಮರಳಿ ತುಂಬಿಕೊಳ್ಳುತ್ತವೆ, ಮಂಗಳೂರಿನ ಕಡೆ ಹೋಗುವವರಿಗೆ ಇದೊಂದು ಬಹುಮಾನ.

ಈಗ ಬರುತ್ತಿರುವ ಕಾರುಗಳ ತಯಾರಕರು ಈ ಪಾಠ ಕಲಿತಿದ್ದಾರೆ. ಅಮೆರಿಕದ ರ್‍ಯಾಮ್ ಕಂಪನಿ 2023ರಲ್ಲಿ ಘೋಷಿಸಿದ ಪಿಕಪ್‌ನಲ್ಲಿ 92 ಯೂನಿಟ್‌ನ ಬ್ಯಾಟರಿಯ ಜೊತೆ 130 ಕಿಲೋವ್ಯಾಟಿನ ಜನರೇಟರ್ ಇಡುವ ಯೋಜನೆ ಇತ್ತು. ಅಲ್ಲಿ ಅದಕ್ಕೆ ಅರ್ಥವಿದೆ: ಹಿಂದೆ ದೋಣಿಯನ್ನೋ ಟ್ರೈಲರನ್ನೋ ಕಟ್ಟಿಕೊಂಡು ಹೋದರೆ ಗಾಡಿ ತಿನ್ನುವ ಶಕ್ತಿ ಇಮ್ಮಡಿಯಾಗುತ್ತದೆ, ಬ್ಯಾಟರಿಯ ದೂರ ಅರ್ಧಕ್ಕಿಳಿಯುತ್ತದೆ, ಟ್ರೈಲರ್ ಸಮೇತ ನಿಲ್ಲಿಸಲು ಚಾರ್ಜಿಂಗ್ ಜಾಗಗಳಲ್ಲಿ ಎಡೆಯೂ ಇರುವುದಿಲ್ಲ. ಲಂಡನ್ನಿನ ಕರಿ ಟ್ಯಾಕ್ಸಿಯೂ ಹಾಗೆಯೇ ಒಂದು ಸಮರ್ಪಕ ಬಳಕೆ. 2018ರ ಜನವರಿಯಿಂದ ಅಲ್ಲಿ ಹೊಸದಾಗಿ ಪರವಾನಗಿ ಪಡೆಯುವ ಟ್ಯಾಕ್ಸಿಗಳು ಹೊಗೆಯಿಲ್ಲದೆಯೂ ಓಡಬಲ್ಲವಾಗಿರಬೇಕು ಎಂಬ ನಿಯಮ ಬಂದಾಗ, ಕವೆಂಟ್ರಿ ಬಳಿ ತಯಾರಾಗುವ ಹೊಸ ಟ್ಯಾಕ್ಸಿಯಲ್ಲಿ 31 ಯೂನಿಟ್‌ನ ಬ್ಯಾಟರಿಯೂ ಒಂದೂವರೆ ಲೀಟರಿನ ಎಂಜಿನ್ನೂ ಜೊತೆಯಾದವು. ದಿನದ ಓಡಾಟ ಊರೊಳಗಿನದು, ಸಂಜೆ ವಿಮಾನ ನಿಲ್ದಾಣದ ದೂರದ ಬಾಡಿಗೆ ಸಿಕ್ಕರೆ ಚಾರ್ಜಿಲ್ಲ ಎಂದು ಬಿಡುವಂತಿಲ್ಲ. ಪೆಟ್ರೋಲಿಗೆ ಕೊಡುವ ಪ್ರತಿ ಪೌಂಡೂ ತನ್ನ ಸಂಪಾದನೆಯಿಂದ ಹೋಗುವುದರಿಂದ ಚಾಲಕ ತಾನಾಗಿಯೇ ಪ್ಲಗ್ ಹಾಕುತ್ತಾನೆ.

ಈ ಬಗೆಯ ಕಾರು ನಿಜವಾಗಿ ಬೆಳೆದದ್ದು ಚೀನಾದಲ್ಲಿ. ಲಿ ಆಟೊ ಕಂಪನಿ 2019ರಲ್ಲಿ ತನ್ನ ಮೊದಲ ರೇಂಜ್ ಎಕ್ಸ್‌ಟೆಂಡರ್ ಕಾರನ್ನು ಕೊಡಲು ಶುರುಮಾಡಿ, 2024ರ ಒಂದೇ ವರ್ಷದಲ್ಲಿ ಐದು ಲಕ್ಷ ಕಾರು ಮಾರಿತು; ಬಹುತೇಕ ಎಲ್ಲವೂ ಇದೇ ಬಗೆಯವು. ದೊಡ್ಡ ಕುಟುಂಬ, ಮೂರು ಸಾಲು ಸೀಟು, ಹೊಸ ವರ್ಷದ ರಜೆಯಲ್ಲಿ ಹುಟ್ಟೂರಿಗೆ ಸಾವಿರ ಕಿಲೋಮೀಟರ್ ಪ್ರಯಾಣ, ಆಗ ಹೆದ್ದಾರಿಯ ಚಾರ್ಜರುಗಳ ಮುಂದೆ ಉದ್ದನೆಯ ಸರತಿ. ಇಂಥ ಬದುಕಿಗೆ ಅದು ಒಗ್ಗಿತು. ಅದೇ ಕಂಪನಿ 2025ರಲ್ಲಿ ಐ8, ಐ6 ಎಂಬ ಸಂಪೂರ್ಣ ವಿದ್ಯುತ್ ಕಾರುಗಳನ್ನೂ ಬಿಡುಗಡೆ ಮಾಡಿತು ಎಂಬುದನ್ನು ಗಮನಿಸಬೇಕು. ಚಾರ್ಜರುಗಳು ವೇಗವಾಗಿ, ದಟ್ಟವಾಗಿ ಬೆಳೆದಂತೆ ಜನರೇಟರನ್ನು ಹೊತ್ತು ತಿರುಗುವ ಕಾರಣ ಸಡಿಲಗೊಳ್ಳುತ್ತದೆ.

ಭಾರತದ ಮಟ್ಟಿಗೆ ತೆರಿಗೆಯೇ ಅರ್ಧ ತೀರ್ಪು ಕೊಟ್ಟುಬಿಡುತ್ತದೆ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರಗಳಲ್ಲಿ ವಿದ್ಯುತ್ ಕಾರಿಗೆ ಶೇ 5, ನಾಲ್ಕು ಮೀಟರ್ ಮೀರಿದ ಹೈಬ್ರಿಡ್ ಕಾರಿಗೆ ಶೇ 40. ಎಂಜಿನ್ ಚಕ್ರಕ್ಕೆ ತಗಲುವುದೇ ಇಲ್ಲ ಎಂಬ ತಾಂತ್ರಿಕ ಸೂಕ್ಷ್ಮಕ್ಕೆ ಅಲ್ಲಿ ಬೆಲೆಯಿಲ್ಲ. ಪೆಟ್ರೋಲ್ ಎಂಜಿನ್ ಇದ್ದರೆ ಅದು ಹೈಬ್ರಿಡ್. ತೆರಿಗೆಗೆ ಮುಂಚೆ 15 ಲಕ್ಷ ಬೆಲೆಯ ಎರಡು ಕಾರುಗಳಲ್ಲಿ ಒಂದು 15.75 ಲಕ್ಷಕ್ಕೂ ಇನ್ನೊಂದು 21 ಲಕ್ಷಕ್ಕೂ ಏರುತ್ತದೆ. ಬ್ರಿಟನ್ನಿನಲ್ಲಿ ಸಿ10ರ ಎರಡೂ ರೂಪಗಳ ಬೆಲೆ ಸಮವಾಗಲು ಕಾರಣ ಸರಳ: ನಲವತ್ತು ಯೂನಿಟ್ ಬ್ಯಾಟರಿ ಕಡಿಮೆ ಹಾಕಿ ಉಳಿಸಿದ ಹಣ ಎಂಜಿನ್, ಜನರೇಟರ್, ಟ್ಯಾಂಕ್, ಸೈಲೆನ್ಸರ್‌ಗಳಿಗೆ ಹೋಗುತ್ತದೆ. 2024ರಲ್ಲಿ ಬ್ಯಾಟರಿಯ ಜಾಗತಿಕ ಸರಾಸರಿ ಬೆಲೆ ಯೂನಿಟ್‌ಗೆ 115 ಡಾಲರ್ ಎಂದು ಬ್ಲೂಮ್‌ಬರ್ಗ್‌ನ ಸಮೀಕ್ಷೆ ಹೇಳಿತ್ತು. ಆ ದರದಲ್ಲಿ ಉಳಿತಾಯ ಸುಮಾರು 4,800 ಡಾಲರ್. ಬ್ಯಾಟರಿ ಅಗ್ಗವಾದಂತೆಲ್ಲ ಈ ಉಳಿತಾಯ ಕರಗುತ್ತದೆ, ಎಂಜಿನ್ನಿನ ಬೆಲೆ ಮಾತ್ರ ಇಳಿಯುವುದಿಲ್ಲ. ಇತ್ತ ಟಾಟಾ ಹ್ಯಾರಿಯರ್ ಇವಿಯಲ್ಲಿ 75 ಯೂನಿಟ್, ಮಹೀಂದ್ರ ಎಕ್ಸ್‌ಇವಿ 9ಇಯಲ್ಲಿ 79 ಯೂನಿಟ್‌ವರೆಗಿನ ಬ್ಯಾಟರಿಗಳು ಈಗಾಗಲೇ ಸಿಗುತ್ತಿವೆ. ಬೆಂಗಳೂರು–ಮಂಗಳೂರು ದಾರಿಯನ್ನು ಇವು ಒಂದೇ ಚಾರ್ಜಿನಲ್ಲಿ ಮುಗಿಸಬಲ್ಲವು. ಊಟಕ್ಕೆ ನಿಂತಾಗ ಒಮ್ಮೆ ಪ್ಲಗ್ ಹಾಕಿದರೆ ಯೋಚನೆಯೇ ಇಲ್ಲ.

ಸಣ್ಣಪುಟ್ಟ ವಿಷಯಗಳೂ ಇವೆ. ಎಂಜಿನ್ ಇದ್ದ ಮೇಲೆ ಆಯಿಲ್, ಫಿಲ್ಟರ್, ಸ್ಪಾರ್ಕ್ ಪ್ಲಗ್, ಹೊಗೆ ತಪಾಸಣೆ ಎಲ್ಲವೂ ಇದ್ದದ್ದೇ. ತಿಂಗಳುಗಟ್ಟಲೆ ಬಳಸದಿದ್ದರೆ ಟ್ಯಾಂಕಿನ ಪೆಟ್ರೋಲ್ ಹಳಸುತ್ತದೆ. ಎಥನಾಲ್ ಬೆರೆತ ಪೆಟ್ರೋಲು ತೇವವನ್ನೂ ಹೀರುತ್ತದೆ. 2010ರ ಷೆವ್ರೊಲೆ ವೋಲ್ಟ್ ಕಾರು, ಎಂಜಿನ್ ವಾರಗಟ್ಟಲೆ ಸುಮ್ಮನಿದ್ದರೆ ಅದನ್ನು ಸುಸ್ಥಿತಿಯಲ್ಲಿಡಲು ತಾನಾಗಿ ಶುರುಮಾಡಿ ಕೆಲಹೊತ್ತು ಓಡಿಸುತ್ತಿತ್ತು. ಚಿಕ್ಕ ಬ್ಯಾಟರಿಗೆ ದುಡಿಮೆಯೂ ಹೆಚ್ಚು: ಒಂದೂವರೆ ಲಕ್ಷ ಕಿಲೋಮೀಟರನ್ನು ವಿದ್ಯುತ್ತಿನಲ್ಲೇ ಓಡಿಸಿದರೆ ಸಿ10ರ ದೊಡ್ಡ ಬ್ಯಾಟರಿ ನಾನೂರು ಬಾರಿ ತುಂಬಿ ಬರಿದಾಗುತ್ತದೆ, ಚಿಕ್ಕದು ಸಾವಿರಕ್ಕೂ ಹೆಚ್ಚು ಬಾರಿ. ಅದರಲ್ಲಿರುವ ಲಿಥಿಯಂ ಐರನ್ ಫಾಸ್ಫೇಟ್ ಬಗೆಯ ಬ್ಯಾಟರಿ ಇದನ್ನು ತಾಳಬಲ್ಲದು, ಹಾಗಾಗಿ ಭಯಪಡಬೇಕಿಲ್ಲ. ಆದರೆ ವಾರಂಟಿಯ ಷರತ್ತುಗಳನ್ನು ಓದಿಕೊಳ್ಳುವುದು ಒಳ್ಳೆಯದು.

ಹಾಗಾಗಿ ನನ್ನ ಸಲಹೆ ಹೀಗಿದೆ. ಮನೆಯಲ್ಲೋ ಕಚೇರಿಯಲ್ಲೋ ಪ್ಲಗ್ ಇದ್ದು, ದೂರದ ಪ್ರಯಾಣ ಚಾರ್ಜರುಗಳಿರುವ ಹೆದ್ದಾರಿಗಳಲ್ಲಿ ವರ್ಷಕ್ಕೆ ಕೆಲವೇ ಬಾರಿ ಇರುವವರು ಸಂಪೂರ್ಣ ವಿದ್ಯುತ್ ಕಾರನ್ನು ಕಣ್ಣುಮುಚ್ಚಿ ಕೊಳ್ಳಬಹುದು. ಪ್ಲಗ್ ಇದ್ದೂ ವಾರವಾರವೂ ಚಾರ್ಜರಿಲ್ಲದ ಒಳನಾಡಿಗೆ ಹೋಗಬೇಕಾದವರಿಗೆ, ಭಾರ ಎಳೆಯುವವರಿಗೆ, ಮನೆಗೆ ಇರುವುದು ಒಂದೇ ಕಾರು ಮತ್ತು ಅದು ಯಾವ ಹೊತ್ತಿನಲ್ಲಾದರೂ ಎತ್ತ ಬೇಕಾದರೂ ಹೊರಡಬೇಕಾದ ಸ್ಥಿತಿ ಇರುವವರಿಗೆ ರೇಂಜ್ ಎಕ್ಸ್‌ಟೆಂಡರ್ ಸರಿ. ಈ ಮಾತು ತೆರಿಗೆ ಅಡ್ಡಬಾರದ ದೇಶಗಳಲ್ಲಿ ಇರುವ ಕನ್ನಡಿಗರಿಗೆ ಹೆಚ್ಚು ಅನ್ವಯಿಸುತ್ತದೆ. ಪ್ಲಗ್ಗೇ ಇಲ್ಲದವರು ಕಾರಿನ ಷೋರೂಮಿಗೆ ಹೋಗುವ ಮುಂಚೆ ಅಪಾರ್ಟ್‌ಮೆಂಟಿನ ಸಂಘದೊಂದಿಗೆ ಮಾತಾಡುವುದು ಮೇಲು. ತಮ್ಮ ಪಾರ್ಕಿಂಗ್ ಜಾಗಕ್ಕೆ 15 ಆಂಪ್ಸ್‌ನ ಒಂದು ಸಾಕೆಟ್ ಬಂದರೂ ರಾತ್ರಿಗೆ 25 ಯೂನಿಟ್ ತುಂಬಿಕೊಳ್ಳಬಹುದು, ಬೇರೆ ಯಾವ ಹೋಲಿಕೆಯೂ ಅಷ್ಟು ವ್ಯತ್ಯಾಸ ಮಾಡಲಾರದು.

ರೇಂಜ್ ಎಕ್ಸ್‌ಟೆಂಡರ್ ಕಡೆಗೇ ಮನಸ್ಸು ವಾಲಿದವರು ಟೆಸ್ಟ್ ಡ್ರೈವ್ ಕೇಳುವಾಗ ಒಂದು ಷರತ್ತು ಹಾಕಬೇಕು. ಪೂರ್ತಿ ಚಾರ್ಜಾದ ಕಾರನ್ನು ಓಡಿಸಿದರೆ ತಿಳಿಯುವುದು ಅದು ಎಷ್ಟು ಒಳ್ಳೆಯ ವಿದ್ಯುತ್ ಕಾರು ಎಂಬುದಷ್ಟೇ. ಬ್ಯಾಟರಿಯನ್ನು ಕನಿಷ್ಠ ಮಟ್ಟಕ್ಕೆ ಇಳಿಸಿಟ್ಟ ಕಾರನ್ನು ಕೊಡಲು ಹೇಳಿ, ಮನೆಯವರನ್ನೆಲ್ಲ ಕೂರಿಸಿಕೊಂಡು, ಏಸಿ ಹಾಕಿ, ಹೆದ್ದಾರಿಯ ಏರಿನಲ್ಲಿ ಓವರ್‌ಟೇಕ್ ಮಾಡಿ ನೋಡಬೇಕು. ಎಂಜಿನ್ ಎಷ್ಟು ಅರಚುತ್ತದೆ, ಅಕ್ಸಿಲರೇಟರ್ ಒತ್ತಿದಾಗ ಮೋಟಾರು ಮೊದಲಿನಂತೆಯೇ ಚುರುಕಾಗಿದೆಯೇ, ಹತ್ತು ನಿಮಿಷದ ನಂತರ ಚಾರ್ಜಿನ ಅಂಕಿ ಇದ್ದಲ್ಲೇ ನಿಂತಿದೆಯೇ ಅಥವಾ ಇಳಿಯುತ್ತಿದೆಯೇ ಎಂಬುದನ್ನು ಅಲ್ಲಿಯೇ ಗಮನಿಸಬೇಕು.